ಎರಡು ಮುಂಜಾನೆ, ಒಂದು ಸಂಜೆ

ನವೆಂಬರ್ ಬಂದು ಬಿಸಿಲಿನ ಕಾವು ತಗ್ಗಿತೆಂದರೆ ಪುಣೆಯ ವಿಮಾನ ನಗರ, ಖರಾಡಿ, ಕಲ್ಯಾಣಿ ನಗರದ ಕನ್ನಡ ಮನೆಗಳಲ್ಲಿ ಶನಿವಾರ–ಭಾನುವಾರಗಳ ಲೆಕ್ಕಾಚಾರ ಶುರುವಾಗುತ್ತದೆ. ಐಟಿ ಕೆಲಸಕ್ಕೆಂದು ಬಂದು ಇಲ್ಲೇ ಮನೆ ಮಾಡಿದವರಿಗೆ ಊರಿನ ಕಡೆಯ ಒಂದು ಹಳೆಯ ನಗರವನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ಇದ್ದೇ ಇರುತ್ತದೆ. ಆಗ ಮೊದಲು ನೆನಪಾಗುವುದು ವಿಜಯಪುರ. ಸೊಲ್ಲಾಪುರದವರೆಗೆ ಸುಮಾರು 250 ಕಿಲೋಮೀಟರ್, ಅಲ್ಲಿಂದ ಮುಂದೆ 100. ಅಷ್ಟು ದೂರ ಹೋದ ಮೇಲೆ ಬಾದಾಮಿ ಬಿಡಲಾದೀತೆ? ಬಾದಾಮಿ ಮುಟ್ಟಿದ ಮೇಲೆ ಪಟ್ಟದಕಲ್ಲು, ಐಹೊಳೆ? ದಾರಿಯಲ್ಲೇ ಇರುವ ಆಲಮಟ್ಟಿ, ಸ್ವಲ್ಪ ಆಚೆಗಿರುವ ಕೂಡಲಸಂಗಮ? ಹೀಗೆ ಒಂದೊಂದೇ ಹೆಸರು ಸೇರುತ್ತ ಹೋಗಿ ಕೊನೆಗೆ ವಿಜಯಪುರಕ್ಕೆ ಉಳಿಯುವುದು ಶನಿವಾರ ಮಧ್ಯಾಹ್ನದ ಮೂರು ತಾಸು, ಅದೂ ನೆತ್ತಿ ಸುಡುವ ಹೊತ್ತಿನಲ್ಲಿ. ಈ ಯೋಜನೆ ತಪ್ಪು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ವಾರಾಂತ್ಯದ ಪ್ರವಾಸಕ್ಕೆ ಒಂದೇ ಊರು ಸಾಕು. ಆ ಊರನ್ನು ನೋಡಲು ನಮ್ಮ ಕೈಯಲ್ಲಿರುವ ನಿಜವಾದ ಬಂಡವಾಳ ಎರಡು ಮುಂಜಾನೆ ಮತ್ತು ಒಂದು ಸಂಜೆ. ಅವನ್ನು ಕಾರಿನ ಸೀಟಿನ ಮೇಲೆ ಕಳೆದರೆ ಪ್ರವಾಸದಲ್ಲಿ ಬೇರೇನೂ ಉಳಿಯುವುದಿಲ್ಲ.

ಇದು ಬರಿಯ ಅಭಿರುಚಿಯ ಮಾತಲ್ಲ, ವಿಜಯಪುರದ ಕಟ್ಟಡಗಳೇ ಇದಕ್ಕೆ ಸಾಕ್ಷಿ. ಗೋಲಗುಂಬಜನ್ನೇ ನೋಡಿ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಗೋರಿ ಅದು. ಗುಮ್ಮಟದ ಹೊರ ವ್ಯಾಸ 44 ಮೀಟರ್, ಒಳಗಿನದು ಸುಮಾರು 38. ಕೆಳಗಿನ ಚೌಕ ಹಜಾರದ ನಡುವೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸಿಕೊಂಡು ಹೋಗುವ ಕಮಾನುಗಳು ಚೌಕವನ್ನು ಎಂಟು ಮೂಲೆಗೆ ತಂದು, ಅಲ್ಲಿಂದ ದುಂಡಗೆ ತಿರುಗಿಸಿ, ಅಷ್ಟು ಭಾರವನ್ನು ಗೋಡೆಗಳಿಗೆ ಹೊರಿಸುತ್ತವೆ. ಇದನ್ನೆಲ್ಲ ಯಾವ ಹೊತ್ತಿನಲ್ಲಿ ಹೋದರೂ ನೋಡಬಹುದು. ಆದರೆ ಜನ ಅಷ್ಟು ದೂರ ಹೋಗುವುದು ಮೇಲಿನ ಪಿಸುಗುಟ್ಟುವ ಮೊಗಸಾಲೆಗಾಗಿ. ಗುಮ್ಮಟದ ಬುಡದ ಸುತ್ತ ಒಳಗಡೆ ಹಾಯ್ದ ಆ ಮೊಗಸಾಲೆಯಲ್ಲಿ ಒಬ್ಬರು ಗೋಡೆಗೆ ಬಾಯಿ ಹತ್ತಿರ ಮಾಡಿ ಮೆಲ್ಲಗೆ ಆಡಿದ ಮಾತು ಎದುರು ತುದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಪಕ್ಕದಲ್ಲೇ ಆಡಿದಂತೆ ಕೇಳುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ಇದೇ ಬಗೆಯ ಮೊಗಸಾಲೆ ಇದೆ. ಅಲ್ಲಿನ ದನಿಯ ಗುಟ್ಟನ್ನು ವಿವರಿಸಿದವನು ಭೌತವಿಜ್ಞಾನಿ ಲಾರ್ಡ್ ರೇಲಿ. ಒಳಬಾಗಿದ ಗೋಡೆ ದನಿಯನ್ನು ಹೊರಗೆ ಚದುರಲು ಬಿಡದೆ ಮತ್ತೆ ಮತ್ತೆ ತನ್ನ ಮಗ್ಗುಲಿಗೇ ತಿರುಗಿಸುತ್ತ ಹೋಗುತ್ತದೆ, ಆದ್ದರಿಂದ ಪಿಸುಮಾತು ಗೋಡೆಯನ್ನು ತಬ್ಬಿಕೊಂಡೇ ಸಾಗುತ್ತದೆ. ವಿಜಯಪುರದಲ್ಲಿ ಅದು ಅರ್ಧ ಸುತ್ತು ಹಾಕಿದರೆ ಸುಮಾರು 60 ಮೀಟರ್. ಸೆಕೆಂಡಿನ ಐದರಲ್ಲಿ ಒಂದು ಪಾಲು ಕಳೆಯುವುದರೊಳಗೆ ಮಾತು ಆ ತುದಿ ಮುಟ್ಟಿರುತ್ತದೆ.

ಈ ವಿದ್ಯಮಾನಕ್ಕೆ ಬೇಕಾದದ್ದು ಒಂದೇ, ಮೌನ. ಗುಮ್ಮಟ ಪಿಸುಮಾತನ್ನು ಎಷ್ಟು ನಿಷ್ಠೆಯಿಂದ ಒಯ್ಯುತ್ತದೋ ಕೂಗನ್ನೂ ಅಷ್ಟೇ ನಿಷ್ಠೆಯಿಂದ ಏಳೆಂಟು ಸಲ ತಿರುಗಿಸಿ ಕೊಡುತ್ತದೆ. ಹತ್ತು ಗಂಟೆಗೆ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಬಂದು ನಿಂತು, ನೂರು ಮಕ್ಕಳು ಒಟ್ಟಿಗೆ ಹುಯ್ಯೆಂದು ಕೂಗಿದರೆ ಒಬ್ಬರ ಪಿಸುಮಾತು ಇನ್ನೊಬ್ಬರಿಗೆ ಕೇಳುವುದು ಸಾಧ್ಯವೇ ಇಲ್ಲ. ಮಕ್ಕಳ ತಪ್ಪೇನೂ ಇಲ್ಲ, ಆ ವಯಸ್ಸಿಗೆ ಅದೇ ಸಂಭ್ರಮ. ಸ್ಮಾರಕದ ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಆರಕ್ಕೂ ಎಂಟಕ್ಕೂ ನಡುವಿನ ಎರಡು ತಾಸಿನಲ್ಲಿ ಕೇಳುವ ಗೋಲಗುಂಬಜೇ ಬೇರೆ, ಹನ್ನೆರಡು ಗಂಟೆಯ ಗೋಲಗುಂಬಜೇ ಬೇರೆ. ಶನಿವಾರ ಬೆಳಗಿನ ಜಾವ ಪುಣೆ ಬಿಟ್ಟು ಮಧ್ಯಾಹ್ನ ಬಂದಿಳಿದು ಸಂಜೆಗೆ ಬಾದಾಮಿಯ ದಾರಿ ಹಿಡಿಯುವವರಿಗೆ ಸಿಗುವುದು ಎರಡನೆಯದು ಮಾತ್ರ. ಆ ಊರಲ್ಲಿ ರಾತ್ರಿ ಉಳಿದವರಿಗಷ್ಟೇ ಮೊದಲನೆಯದು.

ಸ್ಪೇನಿನ ಹಳೆಯ ನಗರಗಳ ಪ್ರವಾಸ ಕೈಪಿಡಿಗಳು ಈ ಮಾತನ್ನು ಎಂದೋ ಒಪ್ಪಿಕೊಂಡಿವೆ. ಮ್ಯಾಡ್ರಿಡ್‌ನಿಂದ ಟೊಲೆಡೊಗೆ ವೇಗದ ರೈಲಿನಲ್ಲಿ ಅರ್ಧ ತಾಸಿನ ದಾರಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವವರೇ ಹೆಚ್ಚು. ಆದರೂ ಬಲ್ಲವರು ಕೊಡುವ ಸಲಹೆ ಅಲ್ಲಿ ಒಂದು ರಾತ್ರಿ ಉಳಿಯಿರಿ ಎಂದೇ, ಏಕೆಂದರೆ ದಿನದ ಜನ ಹೊರಟುಹೋದ ಮೇಲೆಯೇ ಆ ಊರಿನ ಓಣಿಗಳು ಊರಿನವರ ಪಾಲಿಗೆ ಮರಳುವುದು. ಗ್ರನಾಡಾದ ಅಲ್‌ಹಂಬ್ರಾದಲ್ಲಂತೂ ಅರಮನೆಯ ಒಳಗೆ ಹೋಗುವ ಗಂಟೆ ಟಿಕೇಟಿನ ಮೇಲೆಯೇ ಅಚ್ಚಾಗಿರುತ್ತದೆ. ಆ ಹೊತ್ತು ತಪ್ಪಿದರೆ ಬಾಗಿಲು ಮುಚ್ಚಿದಂತೆಯೇ. ಹಾಗಾಗಿ ಅಲ್ಲಿಗೆ ಹೋಗುವವರು ಮೊದಲು ಗಂಟೆ ಗೊತ್ತುಮಾಡಿಕೊಂಡು ಆಮೇಲೆ ಉಳಿದ ದಿನವನ್ನು ಅದರ ಸುತ್ತ ಹೊಂದಿಸುತ್ತಾರೆ. ಗ್ರನಾಡಾದ ಕೊನೆಯ ಸುಲ್ತಾನ ಊರು ಬಿಟ್ಟುಕೊಟ್ಟದ್ದು 1492ರಲ್ಲಿ. ಅದಕ್ಕೆ ತುಸು ಮೊದಲು, 1490ರ ಸುಮಾರಿಗೆ, ಯೂಸುಫ್ ಆದಿಲ್ ಖಾನ್ ಬಹಮನಿಗಳ ಹಂಗು ತೊರೆದು ಬಿಜಾಪುರದಲ್ಲಿ, ಅಂದರೆ ಇಂದಿನ ವಿಜಯಪುರದಲ್ಲಿ, ಸ್ವತಂತ್ರನಾಗಿದ್ದ. ಅಲ್ಲಿ ಒಂದು ರಾಜ್ಯ ಮುಗಿಯುವ ಹೊತ್ತಿಗೆ ಇಲ್ಲಿ ಇನ್ನೊಂದು ಶುರುವಾಗಿತ್ತು. ಕಂಪನಿ ಕೆಲಸದ ಮೇಲೆ ಯುರೋಪಿಗೆ ಹೋಗಿ ಗ್ರನಾಡಾದಲ್ಲಿ ಎರಡು ರಾತ್ರಿ ಉಳಿಯಲು ಸಿದ್ಧವಿರುವವರು ವಿಜಯಪುರಕ್ಕೆ ಮೂರು ತಾಸು ಸಾಕೆನ್ನುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಇಲ್ಲಿ ಟಿಕೇಟಿನ ಮೇಲೆ ಗಂಟೆ ಅಚ್ಚಾಗಿರುವುದಿಲ್ಲ, ಅದನ್ನು ನಾವೇ ಮನಸ್ಸಿನಲ್ಲಿ ಬರೆದುಕೊಳ್ಳಬೇಕು, ಅಷ್ಟೇ ವ್ಯತ್ಯಾಸ.

ಹಾಗೆ ಬರೆದುಕೊಳ್ಳಲು ಊರಿನ ನಕ್ಷೆಯೇ ದಾರಿ ತೋರಿಸುತ್ತದೆ. ಹಳೆಯ ಕೋಟೆಗೋಡೆಯ ಸುತ್ತಳತೆ ಸುಮಾರು ಹತ್ತು ಕಿಲೋಮೀಟರ್. ಗೋಲಗುಂಬಜು ಪೂರ್ವದಲ್ಲಿ, ರೈಲು ನಿಲ್ದಾಣದ ಹತ್ತಿರ. ನಡುವೆ ಅರಕಿಲ್ಲೆ, ಅಂದರೆ ಒಳಕೋಟೆ. ಅದರಲ್ಲೂ ಅದರ ಸುತ್ತಲೂ ಗಗನ ಮಹಲ್, ಆಸಾರ್ ಮಹಲ್, ಸಾತ್ ಮಂಜಿಲ್, ಅರ್ಧಕ್ಕೇ ನಿಂತ ಬಾರಾ ಕಮಾನ್. ಪಶ್ಚಿಮದ ಅಂಚಿನಲ್ಲಿ ತಾಜ್ ಬಾವಡಿ, ಉಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ಗೋಡೆಯಾಚೆ ಇಬ್ರಾಹಿಂ ರೋಜಾ. ಅಂದ ಮೇಲೆ ಪೂರ್ವಕ್ಕೆ ಮುಂಜಾನೆ, ಪಶ್ಚಿಮಕ್ಕೆ ಸಂಜೆ, ನಡುವಿನದಕ್ಕೆ ಇನ್ನೊಂದು ಮುಂಜಾನೆ. ಬಿಸಿಲೇರಿದ ನಡುಹಗಲಿಗೆ ಜಾಮಿಯಾ ಮಸೀದಿ ಇದೆ. ಅಲಿ ಆದಿಲ್‌ಶಾಹ ಶುರುಮಾಡಿದ ಆ ಮಸೀದಿಯ ಸಾಲು ಕಮಾನುಗಳ ನೆರಳು ದಟ್ಟವಾದದ್ದು. ಮುಂದೆ ಔರಂಗಜೇಬನ ಕಾಲದಲ್ಲಿ ನೆಲದ ಮೇಲೆ ಗುರುತಿಸಿದ, ಒಬ್ಬೊಬ್ಬರು ನಮಾಜಿಗೆ ನಿಲ್ಲುವ 2,250 ಚೌಕಗಳನ್ನು ಅಲ್ಲಿ ಇಂದಿಗೂ ನೋಡಬಹುದು. ಅದು ಇವತ್ತಿಗೂ ಪ್ರಾರ್ಥನೆ ನಡೆಯುವ ಜಾಗ. ಮೈತುಂಬ ಬಟ್ಟೆ ಇರಲಿ, ಚಪ್ಪಲಿ ಹೊರಗಿರಲಿ, ನಮಾಜಿನ ಹೊತ್ತು ಬಿಟ್ಟು ಹೋಗಿರಿ. ಗೋಲಗುಂಬಜಿನ ಎದುರಿಗಿರುವ ನಗಾರಖಾನೆಯ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಶನಿವಾರ–ಭಾನುವಾರ ಹೋಗುವವರಿಗೆ ಆ ತೊಂದರೆಯಿಲ್ಲ.

ಸಂಜೆಯ ಪಾಲಿನದರಲ್ಲಿ ಇಬ್ರಾಹಿಂ ರೋಜಾಕ್ಕೆ ಹೆಚ್ಚು ಹೊತ್ತು ಮೀಸಲಿಡಬೇಕು. 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲ್‌ಶಾಹ, ಅವನ ರಾಣಿ ತಾಜ್ ಸುಲ್ತಾನಾ ಮತ್ತು ಮನೆಯವರ ಗೋರಿಗಳಿರುವ ಕಟ್ಟಡ ಅದು. ಒಂದೇ ಜಗಲಿಯ ಮೇಲೆ ಗೋರಿ, ಎದುರಿಗೆ ಮಸೀದಿ, ನಡುವೆ ನೀರಿನ ಕೊಳ. ಗೋಲಗುಂಬಜಿನ ಬಲವಿರುವುದು ಗಾತ್ರದಲ್ಲಿ. ಇಬ್ರಾಹಿಂ ರೋಜಾದ ಬಲ ಕೈಗೆಲಸದಲ್ಲಿ. ಕಿಟಕಿಯ ಜಾಲಂದರಗಳನ್ನು ಬರಿಯ ಬಳ್ಳಿ–ಹೂಗಳಿಂದ ತುಂಬಿಸಿಲ್ಲ. ಅರಬ್ಬಿ ಅಕ್ಷರಗಳನ್ನೇ ಕಲ್ಲಿನಲ್ಲಿ ಆರಪಾರ ಕೊರೆದು ಜಾಲಿ ಮಾಡಿದ್ದಾರೆ, ಅಕ್ಷರದ ಸುತ್ತಲಿನ ಖಾಲಿ ಜಾಗದಿಂದಲೇ ಬೆಳಕು ಒಳಗೆ ಇಳಿಯುತ್ತದೆ. ಗೋಡೆಗಳ ಮೇಲಿನ ಉಬ್ಬುಕೆತ್ತನೆ ಬೆರಳ ದಪ್ಪಕ್ಕಿಂತ ಕಡಿಮೆ. ನಡುಹಗಲ ಬೆಳಕಿನಲ್ಲಿ ಅದು ಗೋಡೆಯೊಳಗೇ ಕರಗಿಹೋಗುತ್ತದೆ. ಓರೆ ಬಿಸಿಲು ಬಿದ್ದಾಗ ಪ್ರತಿ ಗೆರೆಯ ಮಗ್ಗುಲಲ್ಲೂ ತೆಳ್ಳನೆಯ ನೆರಳು ಎದ್ದು, ಚಿತ್ತಾರ ಗೋಡೆಯಿಂದ ಮುಂದೆ ಬರುತ್ತದೆ. ಚಳಿಗಾಲದಲ್ಲಿ ಹೊತ್ತು ಮುಳುಗುವುದೂ ಬಾಗಿಲು ಹಾಕುವುದೂ ಸುಮಾರು ಆರಕ್ಕೇ. ಆದ್ದರಿಂದ ನಾಲ್ಕಕ್ಕೆ ಅಲ್ಲಿರಬೇಕು. ಅದಕ್ಕೂ ಮೊದಲು ತಾಜ್ ಬಾವಡಿ ನೋಡಿಕೊಳ್ಳಬಹುದು. ಹೂಳು, ಕಸ ತುಂಬಿ ಬಹುಕಾಲ ಹಾಳಾಗಿದ್ದ ಆ ಬೃಹತ್ ಬಾವಿಯನ್ನು ಇತ್ತೀಚಿನ ವರ್ಷಗಳಲ್ಲಿ ಬರಿದು ಮಾಡಿ ಶುಚಿಗೊಳಿಸಿದ್ದಾರೆ. ಊರಿನ ಪಶ್ಚಿಮಕ್ಕಿರುವ ತೊರವಿಯ ಕಡೆಯಿಂದ ನೆಲದಡಿಯ ಸುರಂಗಗಳಲ್ಲಿ ನೀರು ತಂದು, ಬಾವಡಿಗಳಲ್ಲೂ ಕೆರೆಗಳಲ್ಲೂ ಹಿಡಿದಿಟ್ಟು ಮಳೆ ಕಡಿಮೆಯಿರುವ ಈ ಬಯಲಿನಲ್ಲಿ ರಾಜಧಾನಿಯೊಂದನ್ನು ಬದುಕಿಸಿದ ಕತೆ ಗುಮ್ಮಟಗಳ ಕತೆಗಿಂತ ಕಡಿಮೆ ದೊಡ್ಡದೇನಲ್ಲ. ಮೂರು ತಾಸಿನ ಪ್ರವಾಸದಲ್ಲಿ ಮೊದಲು ಬಿಟ್ಟುಹೋಗುವುದು ಇದೇ ನೀರಿನ ಕತೆ.

ಈಗ ಆಕ್ಷೇಪಗಳು. ಮೊದಲನೆಯದು ದೂರದ್ದು. 350 ಕಿಲೋಮೀಟರ್ ಹೋಗಿ ಒಂದೇ ಊರು ನೋಡಿ ಬರುವುದು ನಷ್ಟವಲ್ಲವೆ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ವಿಜಯಪುರದಿಂದ ಬಾದಾಮಿ ಸುಮಾರು 120 ಕಿಲೋಮೀಟರ್. ಹೋಗುವುದು ಬರುವುದು ಸೇರಿ ಐದಾರು ತಾಸು. ನಮ್ಮ ಕೈಯಲ್ಲಿರುವ ಬೆಳಕಿನ ಹೊತ್ತು, ಬಿಸಿಲಿನ ನಡುಹಗಲು ಬಿಟ್ಟರೆ, ಎರಡು ದಿನಕ್ಕೆ ಹತ್ತು ತಾಸು ದಾಟುವುದಿಲ್ಲ. ಅದರಲ್ಲಿ ಅರ್ಧವನ್ನು ಹೆದ್ದಾರಿಗೆ ಕೊಟ್ಟರೆ ಎರಡು ಊರನ್ನೂ ಅರ್ಧಂಬರ್ಧ ನೋಡಿದಂತಾಗುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳು ಚಾಲುಕ್ಯರವು. ಆ ಕಲ್ಲು ಬೇರೆ, ಕಾಲ ಬೇರೆ, ಅದಕ್ಕೆ ತನ್ನದೇ ಎರಡು ದಿನ ಬೇಕು. ಒಂದೇ ಒಂದು ವಿನಾಯಿತಿ ಒಪ್ಪುತ್ತೇನೆ. ಮನೆಯ ಹಿರಿಯರು ಜೊತೆಗಿದ್ದು ಬಸವನ ಬಾಗೇವಾಡಿಗೆ ಹೋಗಬೇಕೆಂದರೆ, ಅದು ನಲವತ್ತು–ನಲವತ್ತೈದು ಕಿಲೋಮೀಟರ್ ದೂರ. ಆಗ ಸೋಮವಾರ ಒಂದು ರಜೆ ಹಾಕುವುದೇ ಮೇಲು.

ಎರಡನೆಯ ಆಕ್ಷೇಪ ವಿಮಾನ ನಗರದವರಿಗೆ ಸಹಜವಾದದ್ದು. ವಿಮಾನ ನಿಲ್ದಾಣ ಮನೆಯ ಮಗ್ಗುಲಲ್ಲೇ ಇರುವಾಗ ಒಂದು ತಾಸಿನಲ್ಲಿ ಗೋವಾ ಮುಟ್ಟುವುದು ಬಿಟ್ಟು ಏಳು ತಾಸು ರಸ್ತೆಯಲ್ಲಿ ಯಾಕೆ ಒದ್ದಾಡಬೇಕು? ಒದ್ದಾಟ ಬೇಡವೆಂದೇ ನಾನೂ ಹೇಳುವುದು. ಶುಕ್ರವಾರ ಸಂಜೆ ಕಾರು ತೆಗೆದರೆ ನಗರ ರಸ್ತೆ, ಖರಾಡಿ ಬೈಪಾಸ್, ಮುಂಢವಾ, ಹಡಪಸರ ದಾಟುವುದರಲ್ಲೇ ಅರ್ಧ ಉತ್ಸಾಹ ಇಳಿದಿರುತ್ತದೆ. ಅದಕ್ಕಿಂತ ದೊಡ್ಡ ಮಾತು ಸುರಕ್ಷತೆಯದು. ಚಳಿಗಾಲವೆಂದರೆ ಕಬ್ಬು ನುರಿಸುವ ಕಾಲ. ಇಂದಾಪುರ, ಟೆಂಭೂರ್ಣಿ, ಮೋಹೋಳದ ಆಸುಪಾಸಿನಲ್ಲಿ ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು ಹಿಂದೀಪವಿಲ್ಲದೆ ಕತ್ತಲಲ್ಲಿ ಸಾಗುತ್ತಿರುತ್ತವೆ. ಎಷ್ಟೇ ಪಳಗಿದ ಕೈಯಾದರೂ ಆ ರಸ್ತೆಯಲ್ಲಿ ರಾತ್ರಿ ಕಾರು ಓಡಿಸಬಾರದು. ಮುಂಬೈಯಿಂದ ಬಂದು ಪುಣೆ, ಸೊಲ್ಲಾಪುರ, ವಿಜಯಪುರದ ಮೇಲೆ ಗದಗ, ಹೊಸಪೇಟೆಗೆ ಹೋಗುವ ರಾತ್ರಿ ರೈಲಿದೆ, ಮಲಗಿ ಹೋಗುವ ಬಸ್ಸುಗಳಿವೆ. ರೈಲಿನ ಬುಕಿಂಗು 60 ದಿನ ಮೊದಲು ತೆರೆಯುತ್ತದೆ. ನವೆಂಬರಿನ ಪ್ರವಾಸಕ್ಕೆ ಸೆಪ್ಟೆಂಬರಿನಲ್ಲೇ ಟಿಕೇಟು ತೆಗೆದಿಟ್ಟರೆ ನಿದ್ದೆ ಮುಗಿಯುವ ಹೊತ್ತಿಗೆ ಊರು ಹತ್ತಿರ ಬಂದಿರುತ್ತದೆ, ಶನಿವಾರದ ಮುಂಜಾನೆಯೂ ಕೈಗೆ ಸಿಗುತ್ತದೆ. ಊರೊಳಗಿನ ಓಡಾಟಕ್ಕೆ ಆಟೊ ಇದೆ, ಟಾಂಗಾ ಇದೆ, ಕಾರಿನ ಅಗತ್ಯವೇ ಇಲ್ಲ. ಕಾರೇ ಬೇಕೆನ್ನುವವರು ಶುಕ್ರವಾರ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನದೊಳಗೆ ಹೊರಡಲಿ. ಭಾನುವಾರವೂ ಊಟ ಮುಗಿಸಿ ಒಂದು ಗಂಟೆಯೊಳಗೆ ವಿಜಯಪುರ ಬಿಟ್ಟರೆ ಕಬ್ಬಿನ ಪಟ್ಟಿಯ ಬಹುಪಾಲು ಬೆಳಕಿದ್ದಾಗಲೇ ದಾಟಬಹುದು.

ಮೂರನೆಯ ಆಕ್ಷೇಪಕ್ಕೆ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಅದು ಪುಣೆಯಲ್ಲೇ ಹುಟ್ಟುವಂಥದು. ಇಲ್ಲಿನ ಶಾಲೆಯಲ್ಲಿ ಓದುವ ಕನ್ನಡ ಮಕ್ಕಳಿಗೆ ವಿಜಯಪುರವೆಂದರೆ ಶಿವಾಜಿ ಮಹಾರಾಜರ ಶತ್ರುಗಳ ರಾಜಧಾನಿ, ಅಫ್ಜಲ್ ಖಾನನ ಊರು. ಅಲ್ಲಿಗೆ ನೋಡಲು ಹೋಗುವುದೇನು ಎಂದು ಮಗು ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ. 1659ರಲ್ಲಿ ಪ್ರತಾಪಗಡದಲ್ಲಿ ಶಿವಾಜಿ ಅಫ್ಜಲ್ ಖಾನನನ್ನು ಕೊಂದದ್ದು ನಿಜ, ಅದಕ್ಕೂ ಮೊದಲು ಆದಿಲ್‌ಶಾಹಿ ಸೇನೆ ಪುಣೆಯನ್ನು ಸುಟ್ಟು ಹಾಳುಗೆಡವಿದ್ದೂ ನಿಜ. ಆದರೆ ಕತೆ ಅಷ್ಟಕ್ಕೇ ಮುಗಿಯುವುದಿಲ್ಲ. ಶಿವಾಜಿಯ ತಂದೆ ಶಹಾಜಿ ಆದಿಲ್‌ಶಾಹಿಯ ದೊಡ್ಡ ಸರದಾರ. ಪುಣೆಯ ಜಹಗೀರೂ ಅವನದು, 1638ರಲ್ಲಿ ಕೆಂಪೇಗೌಡರ ವಂಶದ ಕೈತಪ್ಪಿದ ಬೆಂಗಳೂರಿನ ಜಹಗೀರೂ ಅವನದು. ಇವತ್ತು ಪುಣೆ–ಬೆಂಗಳೂರು ಎಂದು ಎರಡು ಕಡೆ ಕಾಲಿಟ್ಟು ಬದುಕುವ ಕನ್ನಡ ಕುಟುಂಬಗಳಿಗೆ ಈ ಎರಡು ಊರುಗಳೂ ಒಂದು ಕಾಲಕ್ಕೆ ವಿಜಯಪುರದ ದರ್ಬಾರಿಗೆ ಸೇರಿದ್ದವೆಂಬುದು ತಿಳಿದಿರಬೇಕು. ವಿಜಯನಗರವನ್ನು 1565ರಲ್ಲಿ ಸೋಲಿಸಿದ ಸುಲ್ತಾನರಲ್ಲಿ ಇಲ್ಲಿಯ ಅಲಿ ಆದಿಲ್‌ಶಾಹನೂ ಒಬ್ಬ. ಅವನ ಉತ್ತರಾಧಿಕಾರಿ ಎರಡನೆಯ ಇಬ್ರಾಹಿಮನೋ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಹೊತ್ತಗೆ ಬರೆದು ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸೂಫಿ ಸಂತ ಗೇಸುದರಾಜರನ್ನೂ ಸ್ತುತಿಸಿದವನು. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಳ್ಳದ ಇತಿಹಾಸ ಪಾಠ ಅರ್ಧ ಪಾಠವೇ. ಮಗುವಿಗೆ ಅದನ್ನು ವಿವರಿಸಲು ಇಬ್ರಾಹಿಂ ರೋಜಾದ ಜಗಲಿಗಿಂತ ಒಳ್ಳೆಯ ತರಗತಿ ಸಿಗಲಾರದು.

ಪುಣೆಯ ಈ ಭಾಗದವರಿಗೆ ಇನ್ನೂ ಹತ್ತಿರದ ಒಂದು ಎಳೆ ಇದೆ. ಪಶ್ಚಿಮದ ಬುರುಜಿನ ಮೇಲೆ ಕೂತಿರುವ ಮಲಿಕ್-ಎ-ಮೈದಾನ್ ತೋಪು ವಿಜಯಪುರದಲ್ಲಿ ಹುಟ್ಟಿದ್ದಲ್ಲ. 1549ರಲ್ಲಿ ಅಹಮದನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಕರ್ಮಿ ಎರಕ ಹೊಯ್ದದ್ದು. ಉದ್ದ ನಾಲ್ಕು ಮೀಟರಿಗೂ ಮಿಗಿಲು, ತೂಕ ಸುಮಾರು 55 ಟನ್. ಬಾಯಿಯ ಸುತ್ತ ಹಲ್ಲು ಕಿರಿದ ಸಿಂಹದ ಮುಖ, ದವಡೆಯಲ್ಲಿ ಸಿಕ್ಕಿಬಿದ್ದ ಆನೆ. ಪರಾಂಡಾ ಕೋಟೆಯಲ್ಲಿದ್ದ ಅದನ್ನು ಎಳೆಸಿ ವಿಜಯಪುರಕ್ಕೆ ತಂದರು. ವಿಮಾನ ನಗರದವರು ದಿನವೂ ಸಿಕ್ಕಿಹಾಕಿಕೊಳ್ಳುವ ನಗರ ರಸ್ತೆ ಆ ಅಹಮದನಗರಕ್ಕೇ, ಈಗಿನ ಅಹಿಲ್ಯಾನಗರಕ್ಕೇ ಹೋಗುತ್ತದೆ. ಪ್ರವಾಸದ ದಾರಿಯಲ್ಲಿ ಧೂಳಖೇಡದ ಬಳಿ ದಾಟುವ ಭೀಮಾ ನದಿಯೂ ಹೊಸದಲ್ಲ. ಲೋಹಗಾಂವದಿಂದ ತುಸು ಆಚೆ ತುಳಾಪುರದಲ್ಲಿ ಇಂದ್ರಾಯಣಿಯನ್ನು ಕೂಡಿಕೊಂಡು, ಉಜನಿ ಜಲಾಶಯವನ್ನು ತುಂಬಿ, ಪಂಢರಪುರ ಹಾಯ್ದು ಕೆಳಗಿಳಿದ ಅದೇ ಹೊಳೆ ಅಲ್ಲಿ ಎರಡು ರಾಜ್ಯಗಳ ಗಡಿಯಾಗಿ ಹರಿಯುತ್ತದೆ.

ಇನ್ನೊಂದು ದೂರು ಆಗಾಗ ಕೇಳಿಬರುತ್ತದೆ: ವಿಜಯಪುರ ಯುರೋಪಿನ ನಗರಗಳಂತೆ ಒಪ್ಪವಾಗಿಲ್ಲ, ಧೂಳು, ಸ್ಮಾರಕಗಳ ನಡುವೆ ಮನೆ–ಅಂಗಡಿಗಳು, ಸಣ್ಣ ಗೋರಿಗಳಿಗೆ ಹೆಸರಿನ ಫಲಕವೂ ಇಲ್ಲ. ಇದು ಬಹುಮಟ್ಟಿಗೆ ದಿಟ. ಇನ್ನೂ ಚೆನ್ನಾಗಿ ನೋಡಿಕೊಳ್ಳಬೇಕೆಂಬ ಒತ್ತಾಯ ನ್ಯಾಯವೇ. ಆದರೆ ಇದರಿಂದ ಹೊರಡುವ ತೀರ್ಮಾನ ಬೇಗ ಬಂದು ಬೇಗ ಹೋಗಿ ಎಂಬುದಲ್ಲ. ಫಲಕಗಳಿಲ್ಲದ ಊರಿಗೇ ಹೆಚ್ಚು ಹೊತ್ತು ಬೇಕು. ಗಗನ ಮಹಲಿನ ಹದಿನೆಂಟು ಮೀಟರಿಗೂ ಮಿಕ್ಕ ಅಗಲದ ನಡುಗಮಾನಿನ ಎದುರು ನಿಂತು, 1686ರಲ್ಲಿ ಕೊನೆಯ ದೊರೆ ಸಿಕಂದರ್ ಔರಂಗಜೇಬನಿಗೆ ಶರಣಾದದ್ದನ್ನು ನೆನೆದು, ಅಲ್ಲಿಂದ ನಡೆದೇ ಬಾರಾ ಕಮಾನಿಗೆ ಹೋಗಿ, ಎರಡನೆಯ ಅಲಿ ಆದಿಲ್‌ಶಾಹ ತನ್ನ ಗೋರಿಗೆಂದು ಶುರುಮಾಡಿ ಮುಗಿಸಲಾರದೆ ಹೋದ ಬರಿಯ ಕಮಾನುಗಳ ನಡುವೆ ಅಡ್ಡಾಡಿದರೆ ಸಾಮ್ರಾಜ್ಯವೊಂದು ಏರಿದ್ದೂ ಇಳಿದದ್ದೂ ಒಂದು ಮೈಲಿಯೊಳಗೆ ತಿಳಿಯುತ್ತದೆ. ಇದಕ್ಕೆ ಫಲಕ ಬೇಡ, ಮೊದಲೇ ಮನೆಯಲ್ಲಿ ಓದಿಕೊಂಡ ನಾಲ್ಕು ಪುಟ ಸಾಕು.

ವಯಸ್ಸಾದವರನ್ನು ಕರೆದೊಯ್ಯುವವರು ಒಂದು ವಿಷಯ ಮೊದಲೇ ಯೋಚಿಸಬೇಕು. ಗೋಲಗುಂಬಜಿನ ಮೊಗಸಾಲೆಗೆ ಲಿಫ್ಟಿಲ್ಲ. ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ, ಸುತ್ತುಸುತ್ತಾದ ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಹತ್ತಬೇಕು. ಮೊಣಕಾಲು ನೋವಿನವರು ಕೆಳಗಿನ ಹಜಾರದಲ್ಲೇ ಕೂತು ಮೇಲಿನವರ ದನಿ ಕೇಳಬಹುದು. ಅವರಿಗೆ ಇಬ್ರಾಹಿಂ ರೋಜಾ ಹೆಚ್ಚು ಹಿತ. ಉಳಿಯಲು ರಾಜ್ಯ ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್‌ಶಾಹಿ ಇದೆ, ಬೇರೆ ಹೋಟೆಲುಗಳೂ ಇವೆ. ಊಟಕ್ಕೆ ಖಾನಾವಳಿಗಳಿವೆ: ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪುಣೆಯಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಬೀದಿಯಲ್ಲಿ, ಆಟೊದಲ್ಲಿ, ಊಟದ ಮನೆಯಲ್ಲಿ ಸುತ್ತಲೂ ಕನ್ನಡವೇ ಕೇಳುವ ಎರಡು ದಿನಗಳು ಸಿಗುವುದು ಸಣ್ಣ ಮಾತಲ್ಲ. ಸಂಕ್ರಾಂತಿಯ ವಾರ ಮಾತ್ರ ಬೇಡ. ಸಿದ್ಧೇಶ್ವರ ಜಾತ್ರೆಗೆ ಊರು ತುಂಬಿ ಕೋಣೆ ಸಿಗುವುದೇ ಕಷ್ಟ. ಸೊಲ್ಲಾಪುರದಲ್ಲೂ ಅದೇ ಹೊತ್ತಿಗೆ ಸಿದ್ಧರಾಮೇಶ್ವರರ ಜಾತ್ರೆ. ಜಾತ್ರೆಗೆಂದೇ ಹೋಗುವವರ ಲೆಕ್ಕ ಬೇರೆ. ಮಾರ್ಚ್ ನಡುವಿನಿಂದ ಜೂನ್‌ವರೆಗೆ ಬಿಸಿಲು 40 ಡಿಗ್ರಿ ದಾಟುವ ದಿನಗಳು ಬರುತ್ತವೆ, ಆಗ ಮುಂಜಾನೆಯೂ ಎಂಟಕ್ಕೇ ಮುಗಿದುಹೋಗುತ್ತದೆ. ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ, ಜಾತ್ರೆಯ ವಾರ ಮತ್ತು ಡಿಸೆಂಬರ್ ಕೊನೆಯ ರಜೆಯ ಗದ್ದಲ ಬಿಟ್ಟರೆ, ಹತ್ತಕ್ಕೂ ಹೆಚ್ಚು ವಾರಾಂತ್ಯಗಳು ಸಿಗುತ್ತವೆ. ಅವುಗಳಲ್ಲಿ ಒಂದನ್ನು ವಿಜಯಪುರಕ್ಕೂ ಇನ್ನೊಂದನ್ನು ಬಾದಾಮಿಗೂ ಬೇರೆಬೇರೆಯಾಗಿ ಗೊತ್ತುಮಾಡಿ, ಟಿಕೇಟು ತೆಗೆಯುವ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಬಹುದು.